ಕವಿಯ ಗುಡಿಸಲು, ಪಾಂಡಾದ ಕಾಡು



ಚೀನಾ ಅಂದ ಕೂಡಲೇ ನಮಗೆಲ್ಲ ಮಹಾಗೋಡೆ ನೆನಪಾಗುತ್ತದೆ. ಆದರೆ ಅಲ್ಲಿ ನೋಡಬೇಕಾದ್ದು ಗೋಡೆ ಒಂದೇ ಅಲ್ಲ. ಚೀನಾದ ನೈಋತ್ಯ ಭಾಗದಲ್ಲಿ ಸಿಚುವಾನ್ ಎಂಬ ಪ್ರಾಂತ್ಯವಿದೆ. ಅದರ ರಾಜಧಾನಿ ಚೆಂಗ್ಡು. ಆ ಊರಿಗೆ ಹೋದವರು ಒಂದು ಮನೆ ಮತ್ತು ಒಂದು ಕಾಡು, ಎರಡನ್ನೂ ನೋಡಲೇಬೇಕು.

1. ದು ಫು ಕವಿಯ ಗುಡಿಸಲು

ದು ಫು ಚೀನಾದ ಮಹಾಕವಿ. ಹುಟ್ಟಿದ್ದು ಕ್ರಿ.ಶ. 712ರಲ್ಲಿ. 755ರಲ್ಲಿ ಆ ದೇಶದಲ್ಲಿ ದೊಡ್ಡ ದಂಗೆ ಎದ್ದಿತು. ಯುದ್ಧ, ಬರಗಾಲಕ್ಕೆ ಹೆದರಿ ಕವಿಯು ಹೆಂಡತಿ ಮಕ್ಕಳ ಜೊತೆ ಊರೂರು ಅಲೆದು, 759ರ ಕೊನೆಗೆ ಚೆಂಗ್ಡುವಿಗೆ ಬಂದನು. ಕೈಯಲ್ಲಿ ಕಾಸಿರಲಿಲ್ಲ. ಗೆಳೆಯರ ಸಹಾಯದಿಂದ 760ರಲ್ಲಿ ಹೊಳೆ ದಡದಲ್ಲಿ ಹುಲ್ಲಿನ ಗುಡಿಸಲು ಕಟ್ಟಿಕೊಂಡನು. ಆ ಊರಲ್ಲಿದ್ದ ಕೆಲವೇ ವರ್ಷಗಳಲ್ಲಿ 200ಕ್ಕೂ ಹೆಚ್ಚು ಪದ್ಯ ಬರೆದನು.

ಒಂದು ಸಲ ಬಿರುಗಾಳಿಗೆ ಸೂರಿನ ಹುಲ್ಲೆಲ್ಲ ಹಾರಿಹೋಯ್ತು. ರಾತ್ರಿ ಮಳೆ ಬಂದು ಮನೆಯೆಲ್ಲ ಸೋರಿತು. ನಾವಾಗಿದ್ರೆ ನಮ್ಮ ಮನೆ ಸರಿಯಾದ್ರೆ ಸಾಕಪ್ಪಾ ಅಂತಿದ್ವಿ. ಅವನು ಮಾತ್ರ ಬಡವರಿಗೆಲ್ಲ ಗಟ್ಟಿ ಮನೆ ಸಿಗಲಿ ಎಂದು ಹಾರೈಸಿ ಪದ್ಯ ಬರೆದನು!

ಅವನು ಕಟ್ಟಿದ ಗುಡಿಸಲು ಈಗಿಲ್ಲ. ಹುಲ್ಲಿನ ಮನೆ ಎಷ್ಟು ದಿನ ಉಳಿದೀತು? ಆದರೆ ಮುಂದಿನ ಕಾಲದ ಜನ ಅವನ ನೆನಪಿಗಾಗಿ ಅಲ್ಲಿ ಮತ್ತೆ ಮತ್ತೆ ಕಟ್ಟಿದರು. ಈಗ ಅದು ವಸ್ತುಸಂಗ್ರಹಾಲಯ. ಸುತ್ತ ತೋಟ, ಬಿದಿರು ಮೆಳೆ ಇವೆ.

2. ವೊಲಾಂಗ್ ರಕ್ಷಿತ ಅರಣ್ಯ

ಚೆಂಗ್ಡುವಿನ ವಾಯವ್ಯಕ್ಕೆ ಬೆಟ್ಟಗಳಲ್ಲಿ ವೊಲಾಂಗ್ ಕಾಡು ಇದೆ. 1963ರಲ್ಲಿ ಇದನ್ನು ರಕ್ಷಿತ ಅರಣ್ಯ ಮಾಡಿದರು. ಈಗ ಸುಮಾರು 2,000 ಚದರ ಕಿ.ಮೀ. ಇದೆ. ಇಲ್ಲಿ ಪಾಂಡಾ ವಾಸಿಸುತ್ತದೆ. ಪಾಂಡಾ ಕರಡಿ ಜಾತಿಯದು. ಅದರ ಕರುಳು ಮಾಂಸ ತಿನ್ನುವ ಪ್ರಾಣಿಯ ಕರುಳಿನ ಹಾಗಿದೆ, ಆದರೆ ತಿನ್ನೋದು ಬಿದಿರು! ಅದು ಸರಿಯಾಗಿ ಅರಗೋದಿಲ್ಲ. ಅದಕ್ಕೇ ದಿನಕ್ಕೆ 10 ಗಂಟೆಗೂ ಹೆಚ್ಚು ಹೊತ್ತು ತಿನ್ನುತ್ತಲೇ ಇರಬೇಕು. ಮುಂಗೈಯ ಒಂದು ಎಲುಬು ಹೆಬ್ಬೆರಳಿನಂತೆ ಬೆಳೆದಿದ್ದು, ಬಿದಿರು ಹಿಡಿಯಲು ಸಹಾಯ ಮಾಡುತ್ತದೆ.

ಬಿದಿರು ಅನೇಕ ವರ್ಷಗಳಿಗೊಮ್ಮೆ ಹೂ ಬಿಟ್ಟು ಒಣಗುತ್ತದೆ. ನಮ್ಮ ಮಲೆನಾಡಲ್ಲೂ ಹಾಗೇ, ಬಿದಿರಕ್ಕಿ ಸಿಗೋದು ಆವಾಗಲೇ. 1983ರಲ್ಲಿ ವೊಲಾಂಗ್‌ನಲ್ಲಿ ಬಿದಿರು ಹೀಗೆ ಒಣಗಿ ಪಾಂಡಾಗಳಿಗೆ ಮೇವು ಕಡಿಮೆಯಾಯ್ತು. ಹಿಂದೆ ಹೀಗಾದರೆ ಅವು ಬೇರೆ ಬೆಟ್ಟಕ್ಕೆ ಹೋಗುತ್ತಿದ್ದವು. ಈಗ ನಡುವೆ ಹೊಲ, ರಸ್ತೆ, ಊರು! ಆದ್ದರಿಂದ ಕಾಡಿಗೆ ಕಾಡು ಸೇರಿಸುವುದು ಮುಖ್ಯ. 2021ರಲ್ಲಿ ಇಂಥ ಕಾಡುಗಳನ್ನು ಕೂಡಿಸಿ ಪಾಂಡಾ ರಾಷ್ಟ್ರೀಯ ಉದ್ಯಾನ ಮಾಡಿದರು.

2008ರ ಮೇ 12ರಂದು ಭೂಕಂಪವಾಗಿ ಅಲ್ಲಿನ ಪಾಂಡಾ ಕೇಂದ್ರ ಹಾಳಾಯಿತು. ಪಾಂಡಾಗಳನ್ನು ಬೇರೆ ಕಡೆ ಸಾಗಿಸಿ, ಆಮೇಲೆ ಹೊಸ ಕೇಂದ್ರ ಕಟ್ಟಿದರು. 2015ರಲ್ಲಿ ಪ್ರಕಟವಾದ ಗಣತಿಯಂತೆ ಚೀನಾದ ಕಾಡುಗಳಲ್ಲಿ 1,864 ಪಾಂಡಾಗಳಿದ್ದವು. ಅಷ್ಟೇ!

ಗೆಳೆಯರೇ, ಗುಡಿಸಲು ಬಿದ್ದರೆ ನಾಲ್ಕು ಜನ ಸೇರಿ ಮತ್ತೆ ಕಟ್ಟಬಹುದು. ಕಾಡು ಹೋದರೆ ಅಷ್ಟು ಬೇಗ ಕಟ್ಟೋಕಾಗುತ್ತಾ? ಮನುಷ್ಯನಿಗೆ ಸೂರು ಹೇಗೋ, ಪ್ರಾಣಿಗೆ ಕಾಡು ಹಾಗೆ. ಇದನ್ನು ನಾವು ಮರೆಯಬಾರದು.

— 7ನೇ ತರಗತಿ