ಅರ್ಜಿ ನಂಬರ್ ಹಾರಿದರೆ ಅರ್ಜಿಗಳು ಮಾಯವಾದವು ಎಂದರ್ಥವೇ?

ಮದ್ದೂರಿನ ಪಕ್ಕದ ಶಿವಪುರ 1938ರ ಧ್ವಜ ಸತ್ಯಾಗ್ರಹದಿಂದ ಹೆಸರಾದ ಊರು. ಈ ಊರಿನ ಇಬ್ಬರು ಒಂದೇ ದಿನ ಬೆಳಿಗ್ಗೆ ಆನ್‌ಲೈನ್ ಅರ್ಜಿ ಹಾಕಿಸಿದರು ಎಂದಿಟ್ಟುಕೊಳ್ಳೋಣ. ಮೊದಲು ಹೋದವರ ಸ್ವೀಕೃತಿ ಚೀಟಿಯಲ್ಲಿ ನಂಬರ್ 58. ಹತ್ತು ನಿಮಿಷ ತಡವಾಗಿ ಹೋದವರಿಗೆ 8! ಸಂಜೆಯೊಳಗೆ ಗ್ರೂಪಿಗೆ ಮೆಸೇಜ್ ಬಂತು: “ತಡವಾಗಿ ಬಂದೋರ್ಗೆ 8, ಮೊದ್ಲು ಬಂದೋರ್ಗೆ 58. ದುಡ್ಡು ಕೊಟ್ಟೋರು ಮುಂದೆ ಹೋಗವ್ರೆ. ನಡುವೆ ಇದ್ದ 49 ಅರ್ಜಿ ಮಾಯ! ಎಲ್ಲಾ ಗ್ರೂಪಿಗೂ ಕಳ್ಸಿ.”

ಇದು ನಾವು ಕಲ್ಪಿಸಿಕೊಂಡ ಉದಾಹರಣೆ. ಆದರೆ ಇಂಥ ಅನುಮಾನ ಹುಟ್ಟುವುದು ಸಹಜ. ಅದರ ಏಟು ಮೊದಲು ಬೀಳುವುದು ಅರ್ಜಿ ತುಂಬಿಕೊಟ್ಟ ಕಂಪ್ಯೂಟರ್ ಆಪರೇಟರ್ ಮೇಲೆ. ಹಾಗಾದರೆ ನಿಜಕ್ಕೂ ನಂಬರ್ ಹೇಗೆ ಹುಟ್ಟುತ್ತದೆ? ನೋಡೋಣ ಬನ್ನಿ.

ಒಂದೇ ಸರ್ವರ್, ಎರಡು ಲೆಕ್ಕದ ಪುಸ್ತಕ

ಸರ್ವರ್ ಎಂದರೆ ದಿನವಿಡೀ ಚಾಲೂ ಇರುವ ದೊಡ್ಡ ಕಂಪ್ಯೂಟರ್. ಅದರಲ್ಲಿ ಒಂದೇ ಅಲ್ಲ, ಹಲವು ತಂತ್ರಾಂಶಗಳು ಒಟ್ಟಿಗೆ ಓಡುತ್ತಿರುತ್ತವೆ. ಒಂದು ಆದಾಯ ಪ್ರಮಾಣಪತ್ರದ್ದು, ಇನ್ನೊಂದು ಪಿಂಚಣಿಯದ್ದು ಎಂದುಕೊಳ್ಳಿ. ಇಂಥ ತಂತ್ರಾಂಶಗಳನ್ನು ಬರೆಯಲು ಬಹಳ ಬಳಕೆಯಲ್ಲಿರುವ ಭಾಷೆ ಜಾವಾ. ಅವುಗಳನ್ನು ಓಡಿಸಲು ಟಾಮ್‌ಕ್ಯಾಟ್‌ನಂಥ ಸರ್ವರ್ ತಂತ್ರಾಂಶ ಬೇಕು.

ಟಾಮ್‌ಕ್ಯಾಟ್ ಪ್ರತಿ ತಂತ್ರಾಂಶವನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸುತ್ತದೆ. ಒಂದು ಕೋಣೆಯಲ್ಲಿ ಬರೆದಿಟ್ಟ ಲೆಕ್ಕ ಇನ್ನೊಂದಕ್ಕೆ ಕಾಣುವುದಿಲ್ಲ. ಪ್ರೋಗ್ರಾಂ ಬರೆದವರು “ಕೊನೆಯ ನಂಬರ್ ಎಷ್ಟು” ಎಂಬುದನ್ನು ತಂತ್ರಾಂಶದ ಒಳಗೇ ಇಟ್ಟರೆ ಎರಡೂ 1, 2, 3 ಎಂದು ತಮ್ಮ ಪಾಡಿಗೆ ಎಣಿಸುತ್ತವೆ. ಎರಡೂ ಒಂದೇ ಕಡತಕ್ಕೆ ಬರೆಯುತ್ತಿದ್ದರೆ, ಒಂದೇ ನಂಬರ್ ಇಬ್ಬರಿಗೆ ಹೋಗುತ್ತದೆ. ಸರ್ವರ್ ಆಫ್ ಆಗಿ ಆನ್ ಆದರಂತೂ ಒಳಗಿನ ಲೆಕ್ಕ ಮತ್ತೆ ಮೊದಲಿನಿಂದ ಶುರು.

ಇದಕ್ಕೆ ಪರಿಹಾರ, ನಂಬರ್ ಕೊಡುವ ಕೆಲಸವನ್ನು ಒಬ್ಬರಿಗೇ ವಹಿಸುವುದು. ಆ ಒಬ್ಬರು ಡೇಟಾಬೇಸ್, ಅಂದರೆ ಎಲ್ಲ ಅರ್ಜಿಗಳೂ ಸೇರುವ ಮೂಲ ಕಡತ. ಯಾವ ತಂತ್ರಾಂಶವೇ ಕೇಳಲಿ, ಎಷ್ಟು ಸರ್ವರ್ ಇರಲಿ, ನಂಬರ್ ಬರುವುದು ಅಲ್ಲಿಂದಲೇ.

ಊರ ಹಬ್ಬದ ಹಂಡೆ

ಡೇಟಾಬೇಸ್ ಜೊತೆ ಮಾತಾಡಲು ತಂತ್ರಾಂಶಕ್ಕೆ ಒಂದು ಸಂಪರ್ಕ ಬೇಕು. ಪ್ರತಿ ಅರ್ಜಿಗೂ ಹೊಸ ಸಂಪರ್ಕ ತೆರೆದರೆ ಸಮಯ ಹಾಳು. ಅದಕ್ಕೆ ಸರ್ವರ್ ಕೆಲವು ಸಂಪರ್ಕಗಳನ್ನು ಮೊದಲೇ ತೆರೆದಿಟ್ಟು, ಎಲ್ಲ ತಂತ್ರಾಂಶಗಳಿಗೂ ಹಂಚುತ್ತದೆ.

ಊರ ದೇವಸ್ಥಾನದಲ್ಲಿ ದೊಡ್ಡ ಹಂಡೆ, ಕೊಳಗ ಇಟ್ಟಿರುವುದಿಲ್ಲವೇ? ಮದುವೆ ಮನೆಯವರು ಒಯ್ಯುತ್ತಾರೆ, ಕೆಲಸ ಮುಗಿದ ಮೇಲೆ ತೊಳೆದು ತಂದಿಡುತ್ತಾರೆ. ಮನೆಗೊಂದು ಹಂಡೆ ಬೇಕಿಲ್ಲ. ಆದರೆ ಒಯ್ದವರು ವಾಪಸ್ ತರದಿದ್ದರೆ ಮುಂದಿನ ಮದುವೆಯವರು ಕಾಯಬೇಕು. “ಸರ್ವರ್ ಬ್ಯುಸಿ” ಎಂದು ನಾವು ಗೊಣಗುವ ಕೆಲವು ಸಂದರ್ಭಗಳಲ್ಲಿ ಆಗಿರುವುದು ಇಷ್ಟೇ: ಯಾವುದೋ ತಂತ್ರಾಂಶ ಹಂಡೆ ಹಿಂದಿರುಗಿಸಿಲ್ಲ.

ಹಾಗಾದರೆ ನಂಬರ್ ಹಾರುವುದೇಕೆ?

ಜಾತ್ರೆಯ ಚಂದಾ ಎತ್ತುವಾಗ ಹುಡುಗರಿಗೆ ರಸೀದಿ ಪುಸ್ತಕ ಹಂಚುತ್ತೇವೆ. ಒಬ್ಬನಿಗೆ 1ರಿಂದ 50, ಇನ್ನೊಬ್ಬನಿಗೆ 51ರಿಂದ 100. ಎರಡನೆಯವನು 58ನೇ ರಸೀದಿ ಹರಿಯುವಾಗ ಮೊದಲನೆಯವನು ಇನ್ನೂ 7ರಲ್ಲೇ ಇರಬಹುದು. ಪ್ರತಿ ಮನೆಯ ಮುಂದೆ ನಿಂತು “ಮುಂದಿನ ನಂಬರ್ ಎಷ್ಟು?” ಎಂದು ಖಜಾಂಚಿಯನ್ನು ಕೇಳುತ್ತಾ ಕೂತರೆ ಚಂದಾ ಎತ್ತಿದ ಹಾಗೇ!

ತಂತ್ರಾಂಶಗಳೂ ಹೀಗೇ ಮಾಡುತ್ತವೆ. ಜಾವಾದಲ್ಲಿ ಡೇಟಾಬೇಸ್ ಬಳಸಲು ಇರುವ ಜೆಪಿಎ ಎಂಬ ನಿಯಮಾವಳಿಯಲ್ಲಿ, ನಾವು ಬೇರೆ ಹೇಳದಿದ್ದರೆ, ಒಂದು ಸಲಕ್ಕೆ 50 ನಂಬರ್‌ಗಳ ಕಟ್ಟು. ಒರಾಕಲ್ ಡೇಟಾಬೇಸ್ 20 ನಂಬರ್‌ಗಳನ್ನು ಮೊದಲೇ ಕೈಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮಧ್ಯದಲ್ಲಿ ಕರೆಂಟ್ ಹೋಗಿ ಸರ್ವರ್ ನಿಂತರೆ ಉಳಿದ ನಂಬರ್‌ಗಳನ್ನು ಬಿಟ್ಟು ಮುಂದಿನ ಕಟ್ಟಿನಿಂದ ಶುರು ಮಾಡುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ, ನಂಬರ್ ಪಡೆದ ಮೇಲೆ ಅರ್ಜಿ ಅರ್ಧಕ್ಕೆ ರದ್ದಾದರೂ ಆ ನಂಬರ್ ವಾಪಸ್ ಹೋಗುವುದಿಲ್ಲ.

ಇದು ತಪ್ಪಲ್ಲ, ಬೇಕೆಂದೇ ಮಾಡಿದ ವ್ಯವಸ್ಥೆ. ಬಿಟ್ಟುಹೋದ ನಂಬರ್ ಮತ್ತೆ ಕೊಡಲು ಹೋದರೆ ಇಬ್ಬರಿಗೆ ಒಂದೇ ನಂಬರ್ ಹೋಗುವ ಅಪಾಯವಿದೆ. ನಂಬರ್ ವ್ಯರ್ಥವಾದರೆ ಯಾರಿಗೂ ನಷ್ಟವಿಲ್ಲ. ಇಬ್ಬರಿಗೆ ಒಂದೇ ಬಂದರೆ ಒಬ್ಬರ ಪಿಂಚಣಿ ಇನ್ನೊಬ್ಬರ ಕಡತಕ್ಕೆ ಅಂಟಿಕೊಳ್ಳಬಹುದು.

ಅಂದರೆ ಶಿವಪುರದ ನಮ್ಮ ಉದಾಹರಣೆಯಲ್ಲಿ ಯಾರೂ ಮುಂದೆ ನುಗ್ಗಿಲ್ಲ, 49 ಅರ್ಜಿಗಳೂ ಮಾಯವಾಗಿಲ್ಲ. ಇಬ್ಬರ ಅರ್ಜಿಗೂ ಬೇರೆ ಬೇರೆ ಕಟ್ಟಿನಿಂದ ನಂಬರ್ ಸಿಕ್ಕಿತು, ಅಷ್ಟೇ. ಯಾರ ಅರ್ಜಿ ಮೊದಲು ಬಂತು ಎಂದು ಹೇಳುವುದು ಅರ್ಜಿಯ ದಿನಾಂಕ ಮತ್ತು ಸಮಯ, ನಂಬರ್ ಅಲ್ಲ.

ನಂಬರ್ ಎಲ್ಲೆಡೆ ಒಂದೇ ಥರ ಅಲ್ಲ

ಪಹಣಿಯ ಸರ್ವೆ ನಂಬರ್ ನೋಡಿ. ಜಮೀನು ಭಾಗವಾದರೆ 45/1, 45/2 ಎಂದು ಹಿಸ್ಸಾ ಸೇರುತ್ತದೆ. ಸರ್ವೆ ನಂಬರ್ 45 ಪಕ್ಕದ ಗ್ರಾಮದಲ್ಲೂ ಇರುತ್ತದೆ. ಆದ್ದರಿಂದ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಸೇರಿಸಿ ಹೇಳಿದರೆ ಮಾತ್ರ ಅದು ಒಂದೇ ಜಮೀನನ್ನು ತೋರಿಸುತ್ತದೆ. ಭೂಮಿ ಯೋಜನೆಯಲ್ಲಿ ಪಹಣಿ ಹುಡುಕುವಾಗ ಇವನ್ನೆಲ್ಲ ಆರಿಸಬೇಕಾಗುವುದು ಇದಕ್ಕೇ.

ಆಧಾರ್ ಇದಕ್ಕೆ ವಿರುದ್ಧ. ಅದರ 12 ಅಂಕಿಗಳಲ್ಲಿ ಊರು, ಜಾತಿ, ವಯಸ್ಸು ಯಾವುದೂ ಅಡಗಿಲ್ಲ. ಅಂಕಿಗಳನ್ನು ಸರದಿ ಇಲ್ಲದೆ ಆರಿಸಲಾಗುತ್ತದೆ. ಕೊನೆಯ ಅಂಕಿ ಮಾತ್ರ ಉಳಿದ 11ನ್ನು ಪರೀಕ್ಷಿಸಲು ಇರುವಂಥದ್ದು. ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ ಕಂಪ್ಯೂಟರ್‌ಗೆ ತಕ್ಷಣ ಗೊತ್ತಾಗುತ್ತದೆ.

ನೀವು ಏನು ಮಾಡಬೇಕು?

ನಂಬರ್ ಹಾರಿದ್ದರೆ ಅದೊಂದೇ ಕಾರಣಕ್ಕೆ ಅನುಮಾನ ಬೇಡ. ನಿಮ್ಮ ನಂಬರ್ ಹಾಕಿ ಅರ್ಜಿಯ ಸ್ಥಿತಿ ನೋಡಿ. ಹೆಸರು, ಸೇವೆ, ದಿನಾಂಕ ಸರಿಯಿದ್ದರೆ ಅರ್ಜಿ ಸೇರಿದೆ. ಒಂದೇ ಸೇವೆಗೆ, ಮುಂದಿನ ಅಕ್ಷರಗಳೂ ಸೇರಿ ಪೂರ್ತಿ ಒಂದೇ ನಂಬರ್ ಇಬ್ಬರ ಸ್ವೀಕೃತಿಯಲ್ಲಿ ಇದ್ದರೆ ಅದನ್ನು ಬಿಡಬೇಡಿ. ಎರಡೂ ಚೀಟಿಗಳ ಪ್ರತಿ ಇಟ್ಟು ಕಚೇರಿಗೆ ಲಿಖಿತವಾಗಿ ದೂರು ಕೊಡಿ. ಎಷ್ಟು ಅರ್ಜಿ ಬಂದಿವೆ ಎಂದು ತಿಳಿಯಬೇಕಾದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿಗಳ ಸಂಖ್ಯೆಯನ್ನೇ ಕೇಳಿ. ಕೊನೆಯ ನಂಬರ್ ನೋಡಿ ಲೆಕ್ಕ ಹಾಕಬೇಡಿ.

ಇನ್ನೊಂದು ಮಾತು. ಸ್ವೀಕೃತಿ ಚೀಟಿಯ ಫೋಟೋ ಗ್ರೂಪಿಗೆ ಹಾಕಬೇಡಿ. ಅದರಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಇರಬಹುದು. ಮಾಯವಾಗದ ಅರ್ಜಿಯ ಚಿಂತೆಯಲ್ಲಿ ನಿಮ್ಮ ಸ್ವಂತ ಮಾಹಿತಿ ಊರೆಲ್ಲ ಹಂಚಿಹೋದೀತು.