ಹಿಡಿದ ಬ್ರೇಕು ಬಿಡದಿದ್ದರೆ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಬಿಳಗಿಯಂತಹ ಘಟ್ಟದ ಮೇಲಿನ ಊರುಗಳಿಂದ ಕರಾವಳಿಗೆ ಹೋಗುವವರು ಸಹ್ಯಾದ್ರಿಯನ್ನು ಇಳಿಯಲೇಬೇಕು. ಶಿರಸಿಯಿಂದ ಕುಮಟೆಗೆ ಹೋಗುವ ದಾರಿಯಲ್ಲಿ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ ಅರಬೈಲು ಘಟ್ಟ ಎದುರಾಗುತ್ತವೆ. ಇಂತಹ ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಅಪಾಯವೆಂಬುದನ್ನು ಎಲ್ಲರೂ ಬಲ್ಲರು. ಹಿಡಿದ ಬ್ರೇಕು ಬಿಡದಿದ್ದರೂ ಅಷ್ಟೇ ಅಪಾಯವೆಂಬುದನ್ನು ಬಲ್ಲವರು ಕಡಮೆ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ. 17ನೆಯ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪಾಸ್ಕಲ್ ನಿರೂಪಿಸಿದ ಈ ತತ್ತ್ವವೇ ಕಾರಿನ ಬ್ರೇಕಿಗೆ ಆಧಾರ. ಚಾಲಕನು ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮುಂದಕ್ಕೆ ಸರಿದು ದ್ರವವನ್ನು ಒತ್ತುತ್ತದೆ. ಆ ಒತ್ತಡವು ಕೊಳವೆಗಳ ಮೂಲಕ ಚಕ್ರಗಳನ್ನು ಮುಟ್ಟುತ್ತದೆ. ಕಾಲನ್ನು ತೆಗೆದೊಡನೆ ಪಿಸ್ಟನ್ ಹಿಂದಕ್ಕೆ ಸರಿಯುತ್ತದೆ. ಆಗ ಸಣ್ಣದೊಂದು ರಂಧ್ರ ತೆರೆದು, ಉಳಿದ ಒತ್ತಡವು ದ್ರವದ ತೊಟ್ಟಿಯ ಕಡೆಗೆ ಇಳಿದುಹೋಗುತ್ತದೆ.

ಈ ರಂಧ್ರ ಮುಚ್ಚಿಹೋದರೆ ಏನಾಗುವುದೆಂದು ನೋಡೋಣ. ಅದರಲ್ಲಿ ಕಸ ಕಟ್ಟಿಕೊಂಡಿರಬಹುದು. ಬ್ರೇಕಿನ ದ್ರವಕ್ಕೆ ಬದಲಾಗಿ ಎಂಜಿನ್ ಎಣ್ಣೆ ಸುರಿದುದರಿಂದ ರಬ್ಬರು ಉಬ್ಬಿರಬಹುದು. ಪೆಡಲಿನ ತಳ್ಳುಕಡ್ಡಿಗೆ ಸಡಿಲವಿಲ್ಲದೆ ಪಿಸ್ಟನ್ ಪೂರ್ತಿ ಹಿಂದಿರುಗದಿರಬಹುದು. ಆಗ ಒತ್ತಡಕ್ಕೆ ಹೊರದಾರಿಯಿಲ್ಲ. ಘರ್ಷಣೆಯಿಂದ ಕಾದ ದ್ರವವು ಹಿಗ್ಗಿ ಬ್ರೇಕನ್ನು ಮತ್ತಷ್ಟು ಬಿಗಿಯುತ್ತದೆ. ಬಿಗಿದಷ್ಟೂ ಶಾಖ ಹೆಚ್ಚುತ್ತದೆ. ಕಾಲಿಡದೆಯೇ ಬ್ರೇಕು ತಾನಾಗಿ ಹಿಡಿಯುವುದರ ಗುಟ್ಟು ಇದೇ. ಕೊನೆಗೆ ದ್ರವವು ಕುದಿಯಲೂಬಹುದು. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ ಅದು 140 ಡಿಗ್ರಿಯ ಸಮೀಪಕ್ಕೆ ಇಳಿಯಬಹುದು. ಕುದಿದ ದ್ರವದಲ್ಲಿ ಗುಳ್ಳೆಗಳೆದ್ದರೆ ಪೆಡಲು ಕುಸಿಯುತ್ತದೆ. ಬಿಡದ ಬ್ರೇಕು ಹೀಗೆ ಹಿಡಿಯದ ಬ್ರೇಕೂ ಆಗುತ್ತದೆ.

ದೋಷವು ಮೊದಲೇ ಸೂಚನೆ ಕೊಡುತ್ತದೆ. ಕಾರು ಭಾರವಾಗಿ ಓಡುತ್ತದೆ; ಒಂದು ಪಕ್ಕಕ್ಕೆ ಎಳೆಯುತ್ತದೆ; ಸುಟ್ಟ ವಾಸನೆ ಬರುತ್ತದೆ; ಒಂದು ಚಕ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗುತ್ತದೆ. ಇಂತಹ ಸ್ಥಿತಿಯಲ್ಲಿ ಘಟ್ಟವನ್ನು ಇಳಿಯಲೇಬಾರದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆರಲು ಬಿಡಬೇಕು. ಕಾದ ಚಕ್ರಕ್ಕೆ ನೀರೆರಚಬಾರದು.

ಕಾರಣವನ್ನು ಹುಡುಕಲು ಪಳಗಿದ ಮೆಕ್ಯಾನಿಕನು ಕ್ರಮವೊಂದನ್ನು ಅನುಸರಿಸುತ್ತಾನೆ. ದೋಷ ಕಾಣಿಸಿಕೊಂಡಿರುವಾಗಲೇ ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಬಿಗಿದ ಚಕ್ರವನ್ನು ಜಾಕಿನಿಂದ ಎತ್ತಿ, ಅದರ ಬ್ರೇಕಿನಲ್ಲಿ ಗಾಳಿ ತೆಗೆಯುವ ತಿರುಪನ್ನು ತುಸು ಸಡಿಲಿಸುತ್ತಾನೆ. ದ್ರವ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ, ಒತ್ತಡ ಒಳಗೆ ಸಿಕ್ಕಿಕೊಂಡಿತ್ತೆಂದು ಅರ್ಥ. ಆಗಲೂ ತಿರುಗದಿದ್ದರೆ ದೋಷವಿರುವುದು ಭಾಗಗಳಲ್ಲಿ: ಪಿಸ್ಟನ್ ಅಥವಾ ಜಾರುವ ಪಿನ್ನುಗಳು ತುಕ್ಕು ಹಿಡಿದಿರಬಹುದು, ಎಳೆಯುವ ಸ್ಪ್ರಿಂಗು ಸೋತಿರಬಹುದು, ಕೈಬ್ರೇಕಿನ ಕೇಬಲ್ಲು ಸಿಕ್ಕಿಕೊಂಡಿರಬಹುದು. ಮಲೆನಾಡಿನ ಮಳೆಯಲ್ಲಿ ತುಕ್ಕನ್ನು ಮರೆಯುವಂತಿಲ್ಲ.

ಒತ್ತಡವೇ ಕಾರಣವಾಗಿದ್ದು ಎಲ್ಲ ಚಕ್ರಗಳೂ ಬಿಗಿದಿದ್ದರೆ ಮಾಸ್ಟರ್ ಸಿಲಿಂಡರನ್ನೂ ತಳ್ಳುಕಡ್ಡಿಯನ್ನೂ ಪರೀಕ್ಷಿಸಬೇಕು. ಒಂದೇ ಚಕ್ರ ಬಿಗಿದಿದ್ದರೆ ಅದರ ರಬ್ಬರು ಕೊಳವೆಯನ್ನು ಶಂಕಿಸಬೇಕು. ಒಳಗೆ ಊದಿದ ಕೊಳವೆಯು ಕಾಲಿನ ಬಲಕ್ಕೆ ದಾರಿ ಕೊಟ್ಟರೂ ಹಿಂದಿರುಗುವ ದ್ರವವನ್ನು ತಡೆಯುತ್ತದೆ.

ತಿರುಪು ಸಡಿಲಿಸಿ ಒತ್ತಡ ಇಳಿಸಿದ ಮಾತ್ರಕ್ಕೆ ರೋಗ ವಾಸಿಯಾಗದು. ಕಾರಣವನ್ನು ನಿವಾರಿಸದೆ ಹೊರಟರೆ ಅದು ಮುಂದಿನ ತಿರುವಿನಲ್ಲಿಯೇ ಮರುಕಳಿಸೀತು. ಬೇಕಾದಾಗ ಹಿಡಿದು, ಬೇಡವಾದಾಗ ಬಿಡುವುದೇ ಒಳ್ಳೆಯ ಬ್ರೇಕಿನ ಲಕ್ಷಣ.