ನಿಮಗಿದು ಗೊತ್ತೆ? ಮೈಬಿಸಿಯಿಂದಲೇ ಬೆಚ್ಚಗಾಗುವ ಮನೆ

ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ಕ್ರಾನಿಶ್‌ಸ್ಟೈನ್‌ನಲ್ಲಿ ನಾಲ್ಕು ಕುಟುಂಬಗಳು ಸೇರಿ ಕಟ್ಟಿಸಿಕೊಂಡ ಮನೆಗಳ ಸಾಲೊಂದಿದೆ. ಜಗತ್ತಿನ ಮೊದಲ 'ಪ್ಯಾಸಿವ್ ಹೌಸ್' ಎಂದು ಹೆಸರಾದದ್ದು ಇದೇ. ಇದರ ರೂವಾರಿ, ಭೌತವಿಜ್ಞಾನಿ ವೋಲ್ಫ್‌ಗಾಂಗ್ ಫೈಸ್ಟ್ 1991ರಲ್ಲಿ ಸಂಸಾರಸಮೇತ ಇಲ್ಲೇ ಬಂದು ನೆಲೆಸಿದರು. ತಮ್ಮ ಲೆಕ್ಕಾಚಾರದ ಮೇಲೆ ಅಷ್ಟು ನಂಬಿಕೆ!

ಗೋಡೆಯ ಹೊರಮೈಗೆ 27.5 ಸೆಂಟಿಮೀಟರ್, ಅಂದರೆ ಒಂದು ಗೇಣಿಗೂ ಮಿಗಿಲಾದ ದಪ್ಪದ ಥರ್ಮೊಕೋಲ್ ಹೊದಿಕೆ. ಕಿಟಕಿಗಳಿಗೆ ಮೂರು ಪದರದ ಗಾಜು. ಗಾಳಿ ನುಸುಳುವ ಸಂದುಗೊಂದುಗಳೆಲ್ಲ ಬಂದ್. ಹಾಗಾದರೆ ಉಸಿರು ಕಟ್ಟುವುದಿಲ್ಲವೆ? ಇಲ್ಲ. ಅಡುಗೆಮನೆ, ಬಚ್ಚಲಿನಿಂದ ಹೊರಬೀಳುವ ಬೆಚ್ಚನೆಯ ಗಾಳಿ, ಒಳಬರುವ ತಾಜಾ ಗಾಳಿಗೆ ತನ್ನ ಬಿಸಿಯನ್ನು ಒಪ್ಪಿಸಿಯೇ ಹೋಗುತ್ತದೆ. ಎರಡೂ ಒಂದರೊಳಗೊಂದು ಬೆರೆಯುವುದಿಲ್ಲ, ನಡುವೆ ತೆಳು ಹಾಳೆಗಳ ತಡೆ ಇರುತ್ತದೆ. ಈ ಏರ್ಪಾಟೇ ಮನೆಯ ಜೀವಾಳ.

ಮನೆಮಂದಿಯ ಮೈಶಾಖ, ಅಡುಗೆಯ ಬಿಸಿ, ಕಿಟಕಿಯಿಂದ ಇಳಿಯುವ ಎಳೆಬಿಸಿಲು ಇವೇ ಹೆಚ್ಚಿನ ಚಳಿಯನ್ನು ಓಡಿಸುತ್ತವೆ. ಹೊರಗೆ ಹಿಮ ಬಿದ್ದಾಗಲೂ ಕಿಟಕಿಗಾಜಿನ ಒಳಬದಿ ಮುಟ್ಟಿದರೆ ಕೊರೆಯುವುದಿಲ್ಲ. ಮನೆ ಬೆಚ್ಚಗಿಡಲು ವರ್ಷಕ್ಕೆ ಚದರ ಮೀಟರಿಗೆ ಬೇಕಾಗುವುದು ಸುಮಾರು 10 ಯೂನಿಟ್ ಶಾಖ ಮಾತ್ರ.